ಮನೆಯ ಸರ್ವರ್‌ನಿಂದ ಮೇಲ್ ಹೊರಗೆ ಹೋಗುತ್ತಿಲ್ಲ, ಏನು ಮಾಡಲಿ?

ಮಣಿಪಾಲದ ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್ ಹಾಕಿದ್ದೀರಿ. ಬ್ಯಾಕಪ್ ಮುಗಿದಾಗ ಜಿಮೇಲ್‌ಗೆ ಒಂದು ಮೇಲ್ ಬರಬೇಕು, ಆದರೆ ಲಾಗ್ ತುಂಬ ‘ಕನೆಕ್ಷನ್ ಟೈಮ್ಡ್ ಔಟ್’ ಅಂದಿದ್ದೀರಿ. ಪೋಸ್ಟ್‌ಫಿಕ್ಸ್ ಸರಿಯಾಗಿಯೇ ಇರಬೇಕು. ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ 25ನೇ ಪೋರ್ಟ್, ಅಂದರೆ ಹೊರಗೆ ಹೋಗುವ ಆ ಬಾಗಿಲು, ಬಂದ್ ಆಗಿರುವ ಹಾಗಿದೆ. ವೈರಸ್ ಹೊಕ್ಕ ಕಂಪ್ಯೂಟರ್‌ಗಳು ಹಗಲು ರಾತ್ರಿ ಸ್ಪ್ಯಾಮ್ ಕಳಿಸುತ್ತವೆ ಅಲ್ವಾ, ಅದಕ್ಕೇ ಮನೆ ಕನೆಕ್ಷನ್‌ಗಳಲ್ಲಿ ಇದನ್ನು ಮುಚ್ಚಿಡುವುದು ಸಾಮಾನ್ಯ. ಪೈನಿಂದಲೇ ಜಿಮೇಲ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ) ಸರ್ವರ್‌ಗೆ, ಲಾಗಿನ್ ಆಗಿ ಮೇಲ್ ಒಪ್ಪಿಸುವ 587ನೇ ಪೋರ್ಟ್‌ನಲ್ಲಿ ಟೆಲ್‌ನೆಟ್ ಕಮಾಂಡ್ ಕೊಟ್ಟು ನೋಡಿ. 220 ಅಂತ ಶುರುವಾಗುವ ಸಾಲು ಬಂದರೆ ದಾರಿ ತೆರೆದಿದೆ ಅಂತ.

25 ತೆರೆಸಿಕೊಳ್ಳಲು ಕಸ್ಟಮರ್ ಕೇರ್ ಜೊತೆ ಜಗಳಕ್ಕೆ ಹೋಗಬೇಡಿ. ತೆರೆದರೂ ಪ್ರಯೋಜನ ಕಡಿಮೆ. ನೇರವಾಗಿ ಮೇಲ್ ಕಳಿಸಬಾರದ ಮನೆ ಐಪಿಗಳನ್ನು ಸ್ಪ್ಯಾಮ್ ತಡೆಯುವ ಸಂಸ್ಥೆಯಾದ ಸ್ಪ್ಯಾಮ್‌ಹೌಸ್‌ನವರು ಪಿಬಿಎಲ್ ಅನ್ನುವ ಪಟ್ಟಿಯಲ್ಲಿ ಹಾಕಿಡುತ್ತಾರೆ. ನೀವೇನೂ ತಪ್ಪು ಮಾಡಿರಬೇಕಾಗಿಲ್ಲ. ರಿವರ್ಸ್ ಡಿಎನ್‌ಎಸ್, ಅಂದರೆ ಐಪಿಯಿಂದ ಹೆಸರು ತೋರಿಸುವ ದಾಖಲೆ, ನಿಮ್ಮ ಕೈಯಲ್ಲಿಲ್ಲ, ಜಿಮೇಲ್ ಅದನ್ನು ಕೇಳುತ್ತದೆ. 2024ರ ಫೆಬ್ರವರಿಯಿಂದ ಮೇಲ್ ನಿಜವಾಗಿ ಆ ಡೊಮೇನ್‌ನದೇ ಅಂತ ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಕೂಡ ಬೇಕು. ಇನ್ನು ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಐಪಿಯನ್ನು ಹಲವರಿಗೆ ಹಂಚಿದ್ದಾರೆ, ಹೊರಗಿನ ಐಪಿ ಅಕ್ಕಪಕ್ಕದ ಮನೆಗಳಿಗೂ ಅದೇ. ಅವರಲ್ಲಿ ಯಾರೋ ಸ್ಪ್ಯಾಮ್ ಕಳಿಸಿದರೆ ಕೆಟ್ಟ ಹೆಸರು ನಿಮಗೂ ಬರುತ್ತದೆ.

ಮಂಗಳೂರಿನ ನಮ್ಮ ಮನೆಯಲ್ಲಿ ನಾನು ಮೇಲನ್ನು ಜಿಮೇಲ್‌ನ ಸರ್ವರ್‌ಗೇ ಒಪ್ಪಿಸಿಬಿಡುತ್ತೇನೆ. ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಫೈಲಿನ ರಿಲೇಹೋಸ್ಟ್ ಸಾಲಿನಲ್ಲಿ ಆ ಸರ್ವರ್ ಹೆಸರು ಮತ್ತು 587 ಬರೆಯಿರಿ. ಹೆಸರನ್ನು ಚೌಕ ಕಂಸದೊಳಗೆ ಹಾಕಿ, ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಎಂಎಕ್ಸ್ ರೆಕಾರ್ಡ್ (ಡೊಮೇನ್‌ನ ಮೇಲ್ ಪಡೆಯುವ ಸರ್ವರ್ ಯಾವುದು ಅನ್ನುವ ದಾಖಲೆ) ಹುಡುಕಲು ಹೊರಡುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವ ಸಾಸಲ್ (SASL) ಲಾಗಿನ್ ಆನ್ ಮಾಡಿ, ಸಂಪರ್ಕವನ್ನು ಗೂಢಲಿಪಿ ಮಾಡುವ ಟಿಎಲ್‌ಎಸ್ ಕಡ್ಡಾಯ ಮಾಡಿ. ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಗೂಗಲ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಅದನ್ನು ಬರೆದ ಫೈಲನ್ನು ರೂಟ್ ಬಿಟ್ಟು ಬೇರೆ ಯಾರೂ ಓದದ ಹಾಗೆ 600 ಪರ್ಮಿಶನ್ ಕೊಡಿ. ಆಮೇಲೆ ಆ ಫೈಲನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಕಮಾಂಡ್ ಓಡಿಸುವುದು ಮರೆಯಬೇಡಿ.

ಇಷ್ಟು ಸಣ್ಣ ಕೆಲಸಕ್ಕೆ ಪೋಸ್ಟ್‌ಫಿಕ್ಸ್ ಬದಲು ಎಂಎಸ್‌ಎಂಟಿಪಿ ಅನ್ನುವ ಚಿಕ್ಕ ಪ್ರೋಗ್ರಾಂ ಸಾಕು ಅಂತ ಹೇಳುವವರಿದ್ದಾರೆ. ಬೇರೆ ಊರಿನವರಿಗೆ ಸಾಕಾಗಬಹುದು. ನಮ್ಮ ಕಡೆ ಜೂನ್ ಶುರುವಾದರೆ ಕರೆಂಟ್ ಕತೆ ಗೊತ್ತಲ್ಲ. ಪೈ ಯುಪಿಎಸ್ ಮೇಲೆ ಎದ್ದಿರುತ್ತದೆ, ರೂಟರೂ ಎದ್ದಿರುತ್ತದೆ, ಕೇಬಲ್‌ನವರ ಕಡೆಯ ಸ್ವಿಚ್ ಮಾತ್ರ ಮಲಗಿರುತ್ತದೆ. ಎಂಎಸ್‌ಎಂಟಿಪಿ ಆಗ ಎರರ್ ಕೊಟ್ಟು ಸುಮ್ನಾಗುತ್ತದೆ, ಮೇಲ್ ಕಳೆದೇಹೋಯಿತು ಅಂತ ಲೆಕ್ಕ. ಪೋಸ್ಟ್‌ಫಿಕ್ಸ್ ಕ್ಯೂನಲ್ಲಿ ಇಟ್ಟುಕೊಂಡು, ಬೇರೆ ಸೆಟ್ಟಿಂಗ್ ಮಾಡದಿದ್ದರೆ 5 ದಿನ ಬಿಡದೆ ಪ್ರಯತ್ನಿಸುತ್ತದೆ. ಹಾಗಾಗಿ ಅದನ್ನು ತೆಗೆಯಬೇಡಿ.

ಫ್ರಮ್ ಜಾಗದಲ್ಲಿ ನಿಮ್ಮ ಅಕೌಂಟಿಗೆ ಸೇರಿಸಿರದ ಯಾವ ವಿಳಾಸ ಬರೆದರೂ ಜಿಮೇಲ್ ಅದನ್ನು ಅಕೌಂಟಿನ ವಿಳಾಸಕ್ಕೆ ಬದಲಿಸುತ್ತದೆ, ಗಾಬರಿ ಬೇಡ. ಮಾಮೂಲಿ ಅಕೌಂಟಿಗೆ ದಿನಕ್ಕೆ ಸುಮಾರು 500 ಮೇಲ್‌ಗಳ ಮಿತಿ. ಬ್ಯಾಕಪ್‌ಗೆ ಇದು ಜಾಸ್ತಿಯೇ ಆಯಿತು, ಆದರೆ ಸ್ಕ್ರಿಪ್ಟ್ ಲೂಪಿಗೆ ಬಿದ್ದರೆ ಗಳಿಗೆಯಲ್ಲಿ ಖಾಲಿ. ಪೈಗೆ ಒಂದು ಬೇರೆ ಜಿಮೇಲ್ ಅಕೌಂಟ್ ಮಾಡಿಬಿಡಿ.