ಒಂದೇ ಕಾರ್ಡಿನಲ್ಲಿ ರೇಡ್ ಮತ್ತು ಬಿಡಿ ಡಿಸ್ಕ್: ಅಂಗಡಿಯವರ ಮಾತು ಕೇಳುವ ಮುನ್ನ

ಪ್ರಶ್ನೆ: ನಮ್ಮ ಲೆಕ್ಕಪತ್ರ ಕಚೇರಿಯ ಸರ್ವರ್‌ನಲ್ಲಿ ಡೆಲ್ ಪರ್ಕ್ ಎಚ್710 ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಂದು ಗುಂಪಾಗಿ ನಡೆಸುವ ಕಾರ್ಡ್) ಇದ್ದು, ಅದರಲ್ಲಿ ನಾಲ್ಕು ಡಿಸ್ಕ್‌ಗಳು ರೇಡ್ 5ರಲ್ಲಿವೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ಜೋಡಣೆಯಲ್ಲಿವೆ. ಹಳೆಯ ಕಂಪ್ಯೂಟರಿನಿಂದ ತೆಗೆದ, ಕಡತಗಳು ತುಂಬಿರುವ ಡಿಸ್ಕೊಂದನ್ನು ಅದೇ ಕಾರ್ಡಿಗೆ ಜೋಡಿಸಿದರೆ ವಿಂಡೋಸ್‌ನಲ್ಲಿ ಕಾಣಿಸುವುದಿಲ್ಲ. ಆ ಒಂದೇ ಡಿಸ್ಕಿಗೆ ರೇಡ್ 0 (ಹೆಚ್ಚುವರಿ ರಕ್ಷಣೆಯಿಲ್ಲದ ಗುಂಪು) ಮಾಡಿದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಕೇಳುವವರಲ್ಲಿ ಹಲವರು ಕಡತಗಳನ್ನು ಕಳೆದುಕೊಂಡ ಮೇಲೆಯೇ ಬರೆಯುತ್ತಾರೆ.

ರೇಡ್ ಗುಂಪೂ ಬಿಡಿ ಡಿಸ್ಕೂ ಒಟ್ಟಿಗೆ ಇರಬಹುದೇ ಎಂಬುದನ್ನು ತೀರ್ಮಾನಿಸುವುದು ಖಾಲಿ ಪೋರ್ಟಲ್ಲ, ಕಾರ್ಡಿನ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಇರುವ ತಂತ್ರಾಂಶ. ಎಚ್710ರಲ್ಲಿ ಡಿಸ್ಕನ್ನು ಇದ್ದ ಹಾಗೆಯೇ ವಿಂಡೋಸ್‌ಗೆ ಒಪ್ಪಿಸುವ ಸೌಲಭ್ಯವೇ ಇಲ್ಲ. ಅದೇ ಕಂಪನಿಯ ಎಚ್310 ಮತ್ತು ಎಚ್730 ಕಾರ್ಡುಗಳಲ್ಲಿ ಇದೆ. ಎಚ್‌ಪಿಯ ಪಿ420ಐ ಕಾರ್ಡಿನಲ್ಲಿ ಎಚ್‌ಬಿಎ ಮೋಡ್ (ಡಿಸ್ಕುಗಳನ್ನು ನೇರವಾಗಿ ಒಪ್ಪಿಸುವ ವಿಧಾನ) ಇದ್ದರೂ ಅದು ಇಡೀ ಕಾರ್ಡಿಗೆ ಅನ್ವಯಿಸುವುದರಿಂದ ರೇಡ್ ಕೈಬಿಡಬೇಕಾಗುತ್ತದೆ. ಎಲ್‌ಎಸ್‌ಐ 9211-8ಐ ಕಾರ್ಡಿನ ಐಆರ್ (ರೇಡ್ ಇರುವ) ಫರ್ಮ್‌ವೇರ್ ಗುಂಪಿಗೆ ಸೇರದ ಡಿಸ್ಕುಗಳನ್ನು ನೇರವಾಗಿ ಬಿಟ್ಟುಕೊಡುತ್ತದೆ, ಆದರೆ ಅದಕ್ಕೆ ರೇಡ್ 5 ಬರುವುದಿಲ್ಲ.

ಇನ್ನು ಅಂಗಡಿಯವರ ಸಲಹೆಗೆ ಬರೋಣ. ಡಿಸ್ಕನ್ನು ರೇಡ್ 0 ಮಾಡಿದೊಡನೆ ಕಾರ್ಡ್ ತನ್ನ ಗುರುತನ್ನು ಅದರ ಮೇಲೆ ಬರೆಯುತ್ತದೆ. ಅದರ ಜೊತೆಗೆ ‘ಇನಿಷಿಯಲೈಸ್’ ಆಯ್ಕೆಯನ್ನೂ ಗುರುತಿಸಿದರೆ ಡಿಸ್ಕಿನ ಆರಂಭದ ಮತ್ತು ಕೊನೆಯ ಕೆಲವು ಮೆಗಾಬೈಟ್‌ಗಳು ಸೊನ್ನೆಯಾಗುತ್ತವೆ, ಡಿಸ್ಕಿನ ವಿಭಾಗಗಳು ಎಲ್ಲಿವೆ ಎಂದು ಹೇಳುವ ಪಾರ್ಟಿಷನ್ ಪಟ್ಟಿ ಇರುವುದು ಅಲ್ಲಿಯೇ. ಆಮೇಲೆ ವಿಂಡೋಸ್ ಅದನ್ನು ಹೊಸ ಡಿಸ್ಕೆಂದು ಭಾವಿಸಿ ಮತ್ತೊಮ್ಮೆ ಇನಿಷಿಯಲೈಸ್ ಮಾಡಲೇ ಎಂದು ಕೇಳುತ್ತದೆ, ಗಾಬರಿಯಲ್ಲಿರುವವರು ಅದಕ್ಕೂ ಓಕೆ ಒತ್ತುತ್ತಾರೆ. ಖಾಲಿ ಡಿಸ್ಕಿಗಾದರೆ ಈ ಉಪಾಯ ನಡೆಯುತ್ತದೆ. ಆಗಲೂ ನಾಳೆ ಅದನ್ನು ಸಾಮಾನ್ಯ ಸಾಟಾ ಪೋರ್ಟಿಗೆ ಹಾಕಿದರೆ ಓದಲು ಬರುತ್ತದೆಂಬ ಖಾತರಿಯಿಲ್ಲ.

ಆದ್ದರಿಂದ ಹಳೆಯ ಡಿಸ್ಕನ್ನು ಕಾರ್ಡಿನಿಂದ ಬಿಡಿಸಿ, ಮದರ್‌ಬೋರ್ಡಿನ ಸಾಟಾ ಪೋರ್ಟಿಗೋ ಯುಎಸ್‌ಬಿ ಡಾಕ್‌ಗೋ ಹಾಕಿ ಕಡತಗಳನ್ನು ನಕಲು ಮಾಡಿಕೊಳ್ಳಿ. ಕಾರ್ಡಿನ ಮೆನುವಿನಲ್ಲಿರುವ ‘ಕ್ಲಿಯರ್ ಕಾನ್ಫಿಗ್’ ಕಡೆಗೆ ಕೈ ಹಾಕಬೇಡಿ, ಅದು ನಿಮ್ಮ ರೇಡ್ 5ರ ವಿನ್ಯಾಸವನ್ನೇ ಅಳಿಸುತ್ತದೆ. ಯೂಟ್ಯೂಬ್ ಪಂಡಿತರು ಹೇಳಿಕೊಡುವಂತೆ ಐಟಿ (ಡಿಸ್ಕುಗಳನ್ನು ನೇರವಾಗಿ ಮಾತ್ರ ಒಪ್ಪಿಸುವ) ಫರ್ಮ್‌ವೇರ್ ತುಂಬುವ ಸಾಹಸವೂ ಬೇಡ. ಆಗ ಕಾರ್ಡಿನಲ್ಲಿ ರೇಡ್ ಎಂಬುದೇ ಉಳಿಯುವುದಿಲ್ಲ, ನಾಲ್ಕೂ ಡಿಸ್ಕುಗಳು ಪರಸ್ಪರ ಸಂಬಂಧವಿಲ್ಲದಂತೆ ಕಾಣುತ್ತವೆ.

ಪ್ರಶ್ನೆ: ಒಂದೇ ಮಾಹಿತಿಯನ್ನು ಎರಡು ಡಿಸ್ಕಿನಲ್ಲಿಡುವ ರೇಡ್ 1 ಇದ್ದ ಮೇಲೆ ಬ್ಯಾಕಪ್ ಏಕೆ ಬೇಕು?

ಉತ್ತರ: ನೀವು ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕಿನಿಂದ ಏಕಕಾಲಕ್ಕೆ ಹೋಗುತ್ತದೆ, ಅದಕ್ಕೆ.

ಪ್ರಶ್ನೆ: ರೇಡ್‌ಗೆ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಸಾಲದೇ?

ಉತ್ತರ: ಓದಲಾಗದ ಜಾಗ ಸಿಕ್ಕಾಗ ಅಂಥ ಡಿಸ್ಕುಗಳು ಬಹಳ ಹೊತ್ತು ಪ್ರಯತ್ನಿಸುತ್ತ ಕೂರುತ್ತವೆ, ಕಾಯಲಾರದ ಕಾರ್ಡ್ ಅವನ್ನು ಸತ್ತವೆಂದು ಗುಂಪಿನಿಂದ ಹೊರಹಾಕುತ್ತದೆ. ಎನ್‌ಎಎಸ್ (ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ) ದರ್ಜೆಯವು ಸಾಮಾನ್ಯವಾಗಿ 7 ಸೆಕೆಂಡುಗಳಲ್ಲಿ ಪ್ರಯತ್ನ ನಿಲ್ಲಿಸಿ ಕಾರ್ಡಿಗೆ ತಿಳಿಸುತ್ತವೆ. ಅವನ್ನೇ ಕೊಳ್ಳಿ.

ಪ್ರಶ್ನೆ: ಕೆಟ್ಟ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಹೊರತೆಗೆದಾಗ ತೇವ ಕಟ್ಟಿ ಒಳಗಿನ ತಟ್ಟೆಗಳೂ ಹಾಳಾಗಬಹುದು.