ಕೇಳಿ, ಹೇಳ್ತೇವೆ: ಮದುವೆ ಕಾಗದದ ಎಪಿಕೆ, ಬಾಡಿಗೆ ಮನೆಯ ಕ್ಯೂಆರ್, ನುಡಿ ಫೈಲು

ಪ್ರಶ್ನೆ: ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪಿಗೆ ಪರಿಚಯದವರ ನಂಬರಿನಿಂದಲೇ ‘ಮದುವೆ ಕಾಗದ’ ಅಂತ ಒಂದು ಫೈಲ್ ಬಂತು. ಒತ್ತಿದೆ. ಏನೋ ಇನ್‌ಸ್ಟಾಲ್ ಆಯಿತು, ಕಾಗದ ಮಾತ್ರ ಕಾಣಲಿಲ್ಲ. ಈಗ ನನ್ನ ನಂಬರಿನಿಂದ ಅದೇ ಫೈಲ್ ಎಲ್ಲರಿಗೂ ಹೋಗುತ್ತಿದೆಯಂತೆ. ಆ್ಯಪ್ ಹುಡುಕಿದರೆ ಎಲ್ಲೂ ಇಲ್ಲ. ಎಂತ ಮಾಡೋದು?
– ಶಿರಸಿ ತಾಲೂಕಿನ ಓದುಗರು

ಉತ್ತರ: ಮುಂದೆ ಓದುವ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ವೈಫೈಯೂ ಆಫ್ ಆಯಿತಾ ನೋಡಿ, ಕೆಲವು ಫೋನುಗಳಲ್ಲಿ ಅದು ಹಾಗೇ ಉಳಿಯುತ್ತದೆ. ಆಮೇಲೆ ಸಿಮ್ ತೆಗೆದು ಬೇರೊಂದು ಫೋನಿಗೆ ಹಾಕಿ. ಮನೆಯ ಮೂಲೆಯಲ್ಲಿ ಬಿದ್ದಿರುವ ಕೀಪ್ಯಾಡ್ ಫೋನಾದರೆ ಒಳ್ಳೆಯದೇ; ಆದರೆ ಜಿಯೊ ಸಿಮ್ 2ಜಿ ಫೋನಿನಲ್ಲಿ ನಡೆಯುವುದಿಲ್ಲ.

ಸಿಮ್ ಬದಲಿಸುವುದು ಯಾಕೆಂದರೆ, ಈ ಜಾತಿಯ ಆ್ಯಪ್‌ಗೆ ಬೇಕಾದದ್ದು ನಿಮ್ಮ ಎಸ್ಸೆಮ್ಮೆಸ್. ಇನ್‌ಸ್ಟಾಲ್ ಆಗುವಾಗ ಅದು ಒಂದರ ಹಿಂದೊಂದು ಅನುಮತಿ ಕೇಳಿರುತ್ತದೆ, ಕಾಗದ ನೋಡುವ ಅವಸರದಲ್ಲಿ ‘ಅಲೋ’ ಒತ್ತಿರುತ್ತೀರಿ. ಅಲ್ಲಿಂದ ಬ್ಯಾಂಕಿನ ಒಟಿಪಿಯೂ ವಾಟ್ಸ್‌ಆ್ಯಪ್‌ನ ಆರಂಕಿಯ ಕೋಡೂ ನಿಮಗೆ ಬಂದ ಕೂಡಲೇ ವಂಚಕರಿಗೂ ತಲುಪುತ್ತವೆ. ಸಿಮ್ ಹೊರಗೆ ಬಂದರೆ ಆ ದಾರಿ ಮುಚ್ಚಿತು.

ಇನ್ನೊಂದು ದಾರಿ ಕಾಲ್ ಫಾರ್ವರ್ಡಿಂಗ್, ಅಂದರೆ ನಿಮಗೆ ಬರುವ ಕರೆಗಳನ್ನು ಅವರ ನಂಬರಿಗೆ ತಿರುಗಿಸುವುದು. ಅದು ಕುಳಿತಿರುವುದು ಫೋನಿನಲ್ಲಲ್ಲ, ಕಂಪನಿಯ ನೆಟ್‌ವರ್ಕಿನಲ್ಲಿ. ಸಿಮ್ ಬೇರೆ ಫೋನಿಗೆ ಹಾಕಿದರೂ ಅದು ಹೋಗುವುದಿಲ್ಲ. ##002# ಡಯಲ್ ಮಾಡಿ, ಬಹುತೇಕ ಕಡೆ ಎಲ್ಲ ಫಾರ್ವರ್ಡಿಂಗೂ ರದ್ದಾಗುತ್ತದೆ. ಆಗದಿದ್ದರೆ ಕಸ್ಟಮರ್ ಕೇರಿಗೆ ಹೇಳಿ ತೆಗೆಸಿ.

ಸಿಮ್ ಹಾಕಿದ ಆ ಬೇರೆ ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ನಿಲ್ಲಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ಸೋಮವಾರ ಶಾಖೆಗೆ ಹೋದರಾಯಿತು’ ಎನ್ನುವ ಲೆಕ್ಕಾಚಾರ ಇಲ್ಲಿ ತುಟ್ಟಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಗ್ರಾಹಕರ ಅಜಾಗ್ರತೆಯಿಂದ ಆದ ನಷ್ಟ ಅವರದೇ, ಆದರೆ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.

ಈಗ ಆ ಕಾಣದ ಆ್ಯಪ್. ಹೋಮ್ ಸ್ಕ್ರೀನಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಐಕಾನ್ ಅಡಗಿಸಿಕೊಂಡಿರುತ್ತದೆ. ಪವರ್ ಮೆನುವಿನಲ್ಲಿ ‘ಪವರ್ ಆಫ್’ ಅನ್ನು ಒತ್ತಿ ಹಿಡಿದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಸೇಫ್ ಮೋಡ್ ಕೇಳುತ್ತವೆ, ಅದರಲ್ಲಿ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಮತ್ತು ‘ಆ್ಯಕ್ಸೆಸಿಬಿಲಿಟಿ’ ಎರಡೂ ಕಡೆ ಗುರುತಿಲ್ಲದ ಹೆಸರಿದ್ದರೆ ಆಫ್ ಮಾಡಿ. ಇದನ್ನು ಬಿಟ್ಟರೆ ‘ಅನ್‌ಇನ್‌ಸ್ಟಾಲ್’ ಬಟನ್ ಮಸುಕಾಗಿಯೇ ಕೂತಿರುತ್ತದೆ. ನಂತರ ಆ್ಯಪ್‌ಗಳ ಪೂರ್ಣ ಪಟ್ಟಿಯಲ್ಲಿ ಅದನ್ನು ತೆಗೆಯಿರಿ.

ಇಷ್ಟಾದರೂ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಫೋಟೊಗಳನ್ನು ನಕಲು ಮಾಡಿಕೊಂಡು, ಗೂಗಲ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ, ಫ್ಯಾಕ್ಟರಿ ರಿಸೆಟ್ ಮಾಡಿ. ಸಿಮ್ ಮರಳಿ ಹಾಕಿ ವಾಟ್ಸ್‌ಆ್ಯಪ್ ಹೊಸದಾಗಿ ನೋಂದಾಯಿಸಿದರೆ ಅತ್ತ ಕಡೆಯವರು ಹೊರಬೀಳುತ್ತಾರೆ. ಅವರು ಎರಡು ಹಂತದ ಪಿನ್ ಇಟ್ಟುಬಿಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು. ಅಷ್ಟರೊಳಗೆ ಗ್ರೂಪಿನ ಅಡ್ಮಿನ್‌ಗೆ ಫೋನ್ ಮಾಡಿ ಆ ಫೈಲನ್ನು ಅಳಿಸಲು ಹೇಳಿ.

ಉಳಿದವರಿಗೆ: ಫೋಟೊ, ಪಿಡಿಎಫ್ ಯಾವುದೂ ‘ಇನ್‌ಸ್ಟಾಲ್’ ಎಂದು ಕೇಳುವುದಿಲ್ಲ. ಕೇಳಿತೆಂದರೆ ಅದು ಕಾಗದವಲ್ಲ, ಎಪಿಕೆ, ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲು. ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಮುಂದಿನ ಸ್ವಿಚ್ ಈಗಲೇ ಆಫ್ ಮಾಡಿಡಿ.

ಪ್ರಶ್ನೆ: ಬಸ್ ಸ್ಟ್ಯಾಂಡಿನ ಯುಎಸ್‌ಬಿ ಪಾಯಿಂಟಿನಲ್ಲಿ ಚಾರ್ಜ್ ಮಾಡಿದರೆ ಹಣ ಹೋಗುತ್ತದೆಯಾ?
– ಅಂಕೋಲಾ

ಉತ್ತರ: ಈ ಭಯಕ್ಕೆ ಪ್ರಚಾರ ಹೆಚ್ಚು. ಲಾಕ್ ಆದ ಫೋನ್ ನಿಮ್ಮನ್ನು ಕೇಳದೆ ಡೇಟಾ ಕೊಡುವುದಿಲ್ಲ. ‘ಫೈಲ್ ಟ್ರಾನ್ಸ್‌ಫರ್’ ಕೇಳಿದರೆ ಬೇಡ ಎನ್ನಿ. ನಿಮ್ಮದೇ ಅಡಾಪ್ಟರ್ ಇದ್ದರೆ ಈ ಪ್ರಶ್ನೆಯೇ ಇಲ್ಲ.

ಪ್ರಶ್ನೆ: ಮನೆ ಬಾಡಿಗೆಗಿದೆ ಎಂದು ಆನ್‌ಲೈನ್‌ನಲ್ಲಿ ಹಾಕಿದ್ದೆ. ನೌಕಾಪಡೆಯ ಅಧಿಕಾರಿ, ಕದಂಬ ನೆಲೆಗೆ ವರ್ಗವಾಗಿದೆ ಎಂದು ಒಬ್ಬರು ಹಿಂದಿಯಲ್ಲಿ ಮಾತಾಡಿದರು. ಮನೆ ನೋಡದೆಯೇ ಒಪ್ಪಿದರು, ಗುರುತಿನ ಚೀಟಿಯ ಫೋಟೊ ಕಳಿಸಿದರು. ಅಡ್ವಾನ್ಸ್ ಜಮಾ ಆಗಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಿದ್ದಾರೆ.
– ಕಾರವಾರ

ಉತ್ತರ: ಹಾಕಬೇಡಿ. ಯುಪಿಐ ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹಣ ಹೊರಗೆ ಕಳಿಸಲು ಅಥವಾ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ಬರುವ ಹಣಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ‘ಮಿಲಿಟರಿ ಅಕೌಂಟಿನ ಪದ್ಧತಿಯೇ ಹೀಗೆ, ಮೊದಲು ನೀವು ಒಂದು ರೂಪಾಯಿ ಕಳಿಸಿ, ಎರಡು ವಾಪಸ್ ಬರುತ್ತದೆ’ ಎನ್ನುತ್ತಾರೆ, ಬರುತ್ತದೆ ಕೂಡ. ಮುಂದಿನ ಕ್ಯೂಆರಿನಲ್ಲಿ ಅಡ್ವಾನ್ಸಿನಷ್ಟೇ ಮೊತ್ತ ಮೊದಲೇ ತುಂಬಿರುತ್ತದೆ, ಮೇಲೆ ‘ಪೇ’ ಎಂದೇ ಬರೆದಿರುತ್ತದೆ. ಫೋನಿನ ಆಚೆಯಿಂದ ಅವಸರ ಮಾಡುವಾಗ ಆ ಒಂದು ಶಬ್ದ ಕಣ್ಣಿಗೆ ಬೀಳುವುದಿಲ್ಲ. ಕದಂಬದ ಹೆಸರು ಕಾರವಾರದಲ್ಲಿ ಯಾರಿಗಾದರೂ ವಿಶ್ವಾಸ ಹುಟ್ಟಿಸುತ್ತದೆ, ಅದಕ್ಕೇ ಆ ಹೆಸರು. ಚೀಟಿಯ ಫೋಟೊ ಬೇರೆ ಯಾರದೋ ಇದ್ದೀತು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೊಟ್ಟು ‘ಇದಕ್ಕೆ ಹಾಕಿ, ಬಂದು ಮನೆ ನೋಡಿ, ಕರಾರು ಮಾಡೋಣ’ ಎನ್ನಿ. ಅಷ್ಟು ಕೊಟ್ಟ ಮಾತ್ರಕ್ಕೆ ಯಾರೂ ಹಣ ತೆಗೆಯಲಾರರು. ನಿಜವಾದ ಬಾಡಿಗೆದಾರರಾದರೆ ತಕರಾರು ಮಾಡುವುದಿಲ್ಲ.

ಪ್ರಶ್ನೆ: ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ, 11 ಹಾಕಲಾಗದು ಎನ್ನುತ್ತದೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ಮಾಡಿದ ಹತ್ತು ವರ್ಷದ ಫೈಲುಗಳಿವೆ. ಬಿಸಾಡಬೇಕಾ?
– ಕುಮಟಾ

ಉತ್ತರ: ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲೆಕ್ಕಪತ್ರ, ಪ್ರಿಂಟಿಂಗ್ ಮಾತ್ರವಾದರೆ ನೆಟ್ ಕೇಬಲ್ ತೆಗೆದು ಬಳಸಿ. ಬ್ಯಾಂಕ್, ಜಿಎಸ್‌ಟಿ ಕೆಲಸ ಬೇರೆ ಯಂತ್ರದಲ್ಲಿರಲಿ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಬಹುದು, ಆದರೆ ಅಲ್ಲಿ ನುಡಿ ನೇರವಾಗಿ ನಡೆಯುವುದಿಲ್ಲ.

ಅದಕ್ಕೆ ಮೊದಲು ಫೈಲು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ನುಡಿಯದೇ ಪರಿವರ್ತಕದಲ್ಲಿ ಯೂನಿಕೋಡಿಗೆ, ಅಂದರೆ ಒಳಗೂ ಕನ್ನಡವೇ ಆಗಿರುವ ಸಂಕೇತಕ್ಕೆ ತನ್ನಿ, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಾರೆ ನೋಡಿ, ಮೂಲ ಫೈಲನ್ನು ಅಳಿಸಬೇಡಿ.

ನಕಲು ಎರಡು ಹಾರ್ಡ್ ಡಿಸ್ಕಿನಲ್ಲಿರಲಿ. ಒಂದನ್ನೂ ಸದಾ ಸಿಕ್ಕಿಸಿಡಬೇಡಿ, ಫೈಲುಗಳಿಗೆ ಬೀಗ ಹಾಕುವ ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕೂ ಹೋಗುತ್ತದೆ. ಕಡಲ ಗಾಳಿಗೆ ಯುಎಸ್‌ಬಿ ತುದಿ ಹಸಿರು ಕಟ್ಟುತ್ತದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ, ಬಿಸಿ ಮಾಡಿದರೆ ಮತ್ತೆ ನೀಲಿ. ದೋಸೆ ಕಾವಲಿಯ ಮೇಲೆ ಮಾತ್ರ ಬೇಡ: ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ.