ಮಿಂಟ್ ಬಂತು, ವೈಫೈ ಮಾಯ!

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಹನ್ನೆರಡು ವರ್ಷ. 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ಲವಂತೆ, 11 ಇದರಲ್ಲಿ ಕೂರುವುದಿಲ್ಲವಂತೆ. ಮೊಮ್ಮಗ ಪೆನ್‌ಡ್ರೈವ್‌ನಲ್ಲಿ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಅದರಿಂದ ಶುರು ಮಾಡಿದರೆ ಎಲ್ಲ ಚೆಂದ ಬರುತ್ತದೆ, ಆದರೆ ವೈಫೈ ಇಲ್ಲ. ಪರದೆಯ ಬೆಳಕೂ ಕಮ್ಮಿ ಜಾಸ್ತಿ ಆಗುವುದಿಲ್ಲ. ಅಂಗಡಿಯವರು ಹೊಸತು ತಗೊಳ್ಳಿ ಎನ್ನುತ್ತಾರೆ. ನನಗೆ ಬೇಕಾದ್ದು ಇಂಟರ್‌ನೆಟ್, ಕನ್ನಡ ಟೈಪಿಂಗ್ ಅಷ್ಟೆ. ಇನ್‌ಸ್ಟಾಲ್ ಒತ್ತಲೋ, ಬೇಡವೋ?
— ನಿವೃತ್ತ ಶಿಕ್ಷಕ, ಕುಂಜಿಬೆಟ್ಟು, ಉಡುಪಿ

ಉತ್ತರ: ಈಗಲೇ ಒತ್ತಬೇಡಿ ಮಾಸ್ಟ್ರೇ. ಪೆನ್‌ಡ್ರೈವ್‌ನಿಂದ ಓಡುವಾಗ ಮಿಂಟ್ ತಾನಾಗಿ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಏನನ್ನೂ ಅಳಿಸುವುದಿಲ್ಲ. ಲ್ಯಾಪ್‌ಟಾಪ್‌ನ ಹಟಗಳನ್ನೆಲ್ಲ ಈ ಹಂತದಲ್ಲೇ ನೋಡಿಬಿಡಬೇಕು. ಹೊಸತು ತೆಗೆದುಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಮಿಂಟ್ ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, 4 ಇದ್ದರೆ ಒಳ್ಳೆಯದು. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ, ನಿಮಗೆ ಅದೇ ಸಾಕು.

ಮೊದಲು ಒಂದು ನಾಚಿಕೆಯ ಕತೆ. ಎರಡು ಮಳೆಗಾಲದ ಹಿಂದೆ ಮಂಗಳೂರಿನ ಬಿಜೈಯಲ್ಲಿ ಅಕ್ಕನ ಮನೆಯ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಲು ಕೂತಿದ್ದೆ. ನಿಮ್ಮದೇ ಕಾಯಿಲೆ, ವೈಫೈ ಇಲ್ಲ. ಆ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ), ಈ ಡ್ರೈವರ್ ಎಂದು ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಒದ್ದಾಡಿದೆ. ಅಕ್ಕನ ಮಗ ಬಂದು ಪಕ್ಕದಲ್ಲಿದ್ದ ಸಣ್ಣ ಗುಂಡಿ ಸರಿಸಿ, "ಮಾಮ, ಇದು ಎಂತಕ್ಕೆ?" ಎಂದ. ವೈಫೈ ಬಂತು! ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈಗೆ ಹೀಗೆ ಬೇರೆಯೇ ಸ್ವಿಚ್ ಇರುತ್ತಿತ್ತು. ಅದು ಆಫ್ ಇದ್ದರೆ ಯಾವ ಡ್ರೈವರ್ ಹಾಕಿದರೂ ಸುಮ್ನೆ. ಹಾಗಾಗಿ ಮೊದಲು ನಿಮ್ಮದರ ಅಂಚುಗಳನ್ನು ಬೆರಳಾಡಿಸಿ ನೋಡಿ.

ಸ್ವಿಚ್ ಇಲ್ಲವೇ? ಹಾಗಾದರೆ ಡ್ರೈವರ್ ಇಲ್ಲದಿರಬಹುದು. ಬ್ರಾಡ್‌ಕಾಮ್ ಕಂಪನಿಯ ಕೆಲವು ಹಳೆಯ ವೈಫೈ ಚಿಪ್‌ಗಳ ಡ್ರೈವರ್ ಮುಕ್ತ ತಂತ್ರಾಂಶ ಅಲ್ಲ. ಅದು ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೆ ಇರುವುದಿಲ್ಲ, ಬೇರೆ ಹಾಕಿಕೊಳ್ಳಬೇಕು. ಹಾಕಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು. ಒಳ್ಳೆ ಫಜೀತಿ ಅಲ್ವಾ? ದಾರಿ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಕೇಬಲ್ ಮೂಲಕ ಕೊಡುವುದು) ಆನ್ ಮಾಡಿ. ಆ ಸಾಲು ಮಸುಕಾಗಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟ್ ಮಾತ್ರ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ನೆಟ್ ಬಂದ ಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ನಿಮ್ಮ ಚಿಪ್‌ಗೆ ಬೇಕಾದ್ದನ್ನು ಅದೇ ಹುಡುಕಿ ತೋರಿಸುತ್ತದೆ.

ಇಲ್ಲಿ ಒಂದು ತೊಡಕು ಬರಬಹುದು. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇದ್ದರೆ ಇಂಥ ಹೊರಗಿನ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಈ ಪರೀಕ್ಷೆಗೆ ಅದನ್ನು ಆಫ್ ಮಾಡಿ.

ಇನ್ನು ಪರದೆಯ ಬೆಳಕು. ಅದನ್ನು ಹತೋಟಿಯಲ್ಲಿಡುವ ದಾರಿ ಒಂದೊಂದು ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಥರ. ಲಿನಕ್ಸ್ ತಪ್ಪು ದಾರಿ ಹಿಡಿದರೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಈಗ ಡಿಕ್ಟೇಶನ್ ಕೊಡುವುದು ನಾನು, ಬರೆದುಕೊಳ್ಳುವುದು ನೀವು! ಪೆನ್‌ಡ್ರೈವ್‌ನ ಮೊದಲ ಮೆನುವಿನಲ್ಲಿ ಇ ಅಕ್ಷರದ ಕೀಲಿ ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನಲ್ಲಿ 'ಸ್ಪ್ಲಾಶ್' ಎಂಬ ಪದ ಹುಡುಕಿ. ಅದಾದ ಮೇಲೆ ಒಂದು ಜಾಗ ಬಿಟ್ಟು, ಇಂಗ್ಲಿಷ್ ಸಣ್ಣಕ್ಷರದಲ್ಲಿ: ಎಸಿಪಿಐ, ಅಂಡರ್‌ಸ್ಕೋರ್, ಬ್ಯಾಕ್‌ಲೈಟ್, ಸಮಚಿಹ್ನೆ, ನೇಟಿವ್. ಇವುಗಳ ನಡುವೆ ಎಲ್ಲೂ ಜಾಗ ಬೇಡ. ಎಫ್10 ಒತ್ತಿ. ಆಗಲಿಲ್ಲವಾದರೆ ಮತ್ತೊಮ್ಮೆ ಶುರು ಮಾಡಿ 'ನೇಟಿವ್' ಬದಲು 'ವೆಂಡರ್' ಬರೆಯಿರಿ. ಹೀಗೆ ಬರೆದದ್ದು ಆ ಒಂದು ಸಲಕ್ಕೆ ಮಾತ್ರ, ಆದ್ದರಿಂದ ತಪ್ಪಾದೀತೆಂಬ ಹೆದರಿಕೆ ಬೇಡ. ಯಾವುದು ಸರಿಹೋಯಿತು ಎಂದು ಬರೆದಿಟ್ಟುಕೊಳ್ಳಿ. ಇನ್‌ಸ್ಟಾಲ್ ಆದ ಮೇಲೆ ಮೊಮ್ಮಗ ಅದನ್ನು ಗ್ರಬ್ ಕಡತಕ್ಕೆ (ಲಿನಕ್ಸ್ ಹೇಗೆ ಶುರುವಾಗಬೇಕೆಂದು ಹೇಳುವ ಕಡತ) ಸೇರಿಸಿಕೊಡಲಿ.

ಕನ್ನಡದ್ದು ಸುಲಭ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸ ಸೇರಿಸಿದರೆ ಆಯಿತು. ಆದರೆ ನೀವು ಹಿಂದೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ಕಡತಗಳಿದ್ದರೆ? ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆ ನುಡಿ ಕಡತಗಳು ನುಡಿ ಫಾಂಟ್ ಇಲ್ಲದಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇನ್ನೂ ಬದುಕಿರುವಾಗಲೇ ಅದರ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನೂ, ನಿಮ್ಮ ಬರಹಗಳನ್ನೂ, ಮೊಮ್ಮಗನ ಫೋಟೋಗಳನ್ನೂ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮಿಂಟ್ ಇರುವುದಕ್ಕಲ್ಲ, ಬೇರೆಯದಕ್ಕೆ. ಆಮೇಲೆ ಧೈರ್ಯವಾಗಿ ಇನ್‌ಸ್ಟಾಲ್ ಒತ್ತಿ.